ಚೆಲ್ಸಿಯ ಫೋಟೊ ಗ್ಯಾಲರಿಗೆ ಒಂದು ಮಧ್ಯಾಹ್ನ

ಮಗನ ಮನೆಗೋ ಮಗಳ ಮನೆಗೋ ನ್ಯೂಜೆರ್ಸಿಗೆ ಹೋದವರಿಗೆ ನ್ಯೂಯಾರ್ಕ್ ಎಂದರೆ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್. ಫೋಟೊಗ್ರಫಿಯ ಹುಚ್ಚಿದ್ದರೆ ಇನ್ನೊಂದು ದಿನ ಬಿಡುವು ಮಾಡಿಕೊಂಡು ಮ್ಯಾನ್‌ಹಟನ್‌ನ ಪಶ್ಚಿಮ ಅಂಚಿನ ಚೆಲ್ಸಿಗೆ ಹೋಗಿ. ಗ್ಯಾರೇಜು, ಗೋದಾಮುಗಳಿದ್ದ ಈ ಬೀದಿಗಳಿಗೆ 1990ರ ದಶಕದಲ್ಲಿ ಗ್ಯಾಲರಿಗಳು ಬಂದು ನೆಲೆಸಿದವು. ಫೋಟೊಗಳಿಗೇ ಹೆಸರಾದ ಯಾನ್ಸಿ ರಿಚರ್ಡ್‌ಸನ್ ಗ್ಯಾಲರಿ ಇರುವುದು 22ನೇ ಬೀದಿಯಲ್ಲಿ, 10 ಮತ್ತು 11ನೇ ಅವೆನ್ಯೂಗಳ ನಡುವೆ.

ಹೊರಡುವ ಮುನ್ನ ವೆಬ್‌ಸೈಟ್ ನೋಡಿ. ಸಾಮಾನ್ಯವಾಗಿ ಮಂಗಳವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಗ್ಯಾಲರಿಗಳು ತೆರೆದಿರುತ್ತವೆ. ಬೇಸಿಗೆಯಲ್ಲಿ ವೇಳಾಪಟ್ಟಿ ಬದಲಾಗುತ್ತದೆ, ಆಗಸ್ಟ್‌ನಲ್ಲಿ ಹಲವು ಬಾಗಿಲು ಹಾಕುತ್ತವೆ. ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ನಡುವಿನ ದಿನಗಳಲ್ಲೂ ಪ್ರವೇಶವಿಲ್ಲ. ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ರೈಲಿನಲ್ಲಿ ಬರುವವರು ಪೆನ್ ಸ್ಟೇಷನ್‌ನಲ್ಲಿ ಇಳಿದು, ಸಿ ಅಥವಾ ಇ ಸಬ್‌ವೇ ಹಿಡಿದು ಮುಂದಿನ ನಿಲ್ದಾಣವಾದ 23ನೇ ಬೀದಿಯಲ್ಲಿ ಇಳಿದರೆ ಸಾಕು. ಅಲ್ಲಿಂದ ಪಶ್ಚಿಮಕ್ಕೆ ನಡಿಗೆ.

ಬಾಗಿಲ ಬಳಿ ಹಿಂಜರಿಯುವವರೇ ಹೆಚ್ಚು. ಮುಚ್ಚಿದ ಗಾಜಿನ ಬಾಗಿಲು, ಒಳಗೆ ಎತ್ತರದ ಮೇಜಿನ ಹಿಂದೆ ತಲೆಯೆತ್ತದೆ ಕೂತ ಸಿಬ್ಬಂದಿ. ತಳ್ಳಿಕೊಂಡು ಒಳಗೆ ಹೋಗಿ. ಆಧುನಿಕ ಕಲೆಯ ದೊಡ್ಡ ಮ್ಯೂಸಿಯಂ ಮೋಮಾದಲ್ಲಿ ವಯಸ್ಕರ ಟಿಕೆಟ್‌ಗೆ 30 ಡಾಲರ್. ಇಲ್ಲಿ ಟಿಕೆಟ್ಟೇ ಇಲ್ಲ. ಇದು ಅಂಗಡಿಯೇ ಹೌದು, ಆದರೆ ಬಂದವರೆಲ್ಲ ಕೊಳ್ಳುತ್ತಾರೆ ಎಂದು ಯಾರೂ ನಿರೀಕ್ಷಿಸುವುದಿಲ್ಲ. ನಮ್ಮ ರೇಷ್ಮೆ ಸೀರೆ ಅಂಗಡಿಯವರ ಹಾಗೆ ಬೆನ್ನು ಹತ್ತಿ ಬರುವುದಂತೂ ಇಲ್ಲವೇ ಇಲ್ಲ!

ಗೋಡೆಯ ಮೇಲೆ ಹೆಸರು, ವಿವರ ಇಲ್ಲದಿದ್ದರೆ ಮೇಜಿನ ಬಳಿ ‘ಚೆಕ್‌ಲಿಸ್ಟ್’ ಕೇಳಿ. ಯಾವ ಚಿತ್ರ, ಯಾವ ವರ್ಷದ್ದು, ಯಾವ ಬಗೆಯ ಪ್ರಿಂಟ್, ಎಷ್ಟು ಪ್ರತಿಗಳ ಆವೃತ್ತಿ ಎಂಬುದೆಲ್ಲ ಅದರಲ್ಲಿರುತ್ತದೆ. 3/10 ಎಂದಿದ್ದರೆ, ಮುದ್ರಿಸಲು ಒಪ್ಪಿಕೊಂಡ ಹತ್ತರಲ್ಲಿ ಇದು ಮೂರನೆಯದು. ಪ್ರತಿಗಳು ಖರ್ಚಾದಂತೆ ಉಳಿದವುಗಳ ಬೆಲೆ ಏರುವುದು ಈ ವ್ಯಾಪಾರದ ರೂಢಿ. ‘ವಿಂಟೇಜ್ ಪ್ರಿಂಟ್’ ಎಂದರೆ ಚಿತ್ರ ತೆಗೆದ ಕಾಲದ ಆಸುಪಾಸಿನಲ್ಲೇ ಮಾಡಿದ ಪ್ರತಿ. ಅದೇ ನೆಗೆಟಿವ್‌ನಿಂದ ದಶಕಗಳ ನಂತರ ತೆಗೆದದ್ದಕ್ಕಿಂತ ಸಾಮಾನ್ಯವಾಗಿ ಇದು ದುಬಾರಿ. ಬೆಲೆ ಕೇಳಲು ಸಂಕೋಚ ಬೇಡ.

ನೋಡುವುದಕ್ಕೆ ಅವಸರ ಮಾಡಬೇಡಿ. ಮೊದಲು ದೂರದಿಂದ ಕೋಣೆಯನ್ನು ಒಂದು ಸುತ್ತು ಹಾಕಿ, ಇಷ್ಟವಾದ ಎರಡು ಮೂರು ಚಿತ್ರಗಳ ಮುಂದೆ ಬಂದು ನಿಲ್ಲಿ. ಕಪ್ಪು-ಬಿಳುಪಿನ ಜೆಲಟಿನ್ ಸಿಲ್ವರ್ ಪ್ರಿಂಟ್ ಆದರೆ ಕಪ್ಪಿನೊಳಗಿನ ಕಪ್ಪುಗಳನ್ನು ಗಮನಿಸಿ. ಪಕ್ಕಕ್ಕೆ ಸರಿದು ಬೆಳಕು ಬೀಳುವ ಕೋನದಲ್ಲಿ ಕಾಗದದ ಮೇಲ್ಮೈ ನೋಡಿ. ಮೊಬೈಲ್ ಪರದೆಯಲ್ಲಿ ಸಾವಿರ ಸಲ ನೋಡಿದ ಚಿತ್ರವಾದರೂ ಈ ಎರಡು ಸಂಗತಿ ಅಲ್ಲಿ ಸಿಗುವುದಿಲ್ಲ. ಇಷ್ಟು ದೂರ ಬರುವುದೇ ಇದಕ್ಕಾಗಿ. ಬೆನ್ನಿನ ಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳಿ. ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ. ಒಪ್ಪಿದರೂ ಫ್ಲ್ಯಾಷ್ ಬೇಡ.

ಒಂದು ಮಧ್ಯಾಹ್ನಕ್ಕೆ ಮೂರು ಗ್ಯಾಲರಿ ಸಾಕು. ಕಾಲಿಗೆ ಶಕ್ತಿಯಿದ್ದರೆ 11ನೇ ಅವೆನ್ಯೂನಲ್ಲಿರುವ ಪ್ರಿಂಟೆಡ್ ಮ್ಯಾಟರ್ ಪುಸ್ತಕದಂಗಡಿಗೆ ಹೋಗಿ. ಕಲಾವಿದರೇ ರೂಪಿಸಿದ ಪುಸ್ತಕಗಳಿಗೆ ಅದು 1976ರಿಂದ ಹೆಸರುವಾಸಿ. ಹಿರಿಯರು ಜೊತೆಗಿದ್ದರೆ ಇನ್ನೊಂದು ವಿಷಯ ನೆನಪಿರಲಿ: ಸಣ್ಣ ಗ್ಯಾಲರಿಗಳಲ್ಲಿ ಸಾರ್ವಜನಿಕರಿಗೆ ಶೌಚಾಲಯ ಸಿಗುವುದು ಅಪರೂಪ. 9ನೇ ಅವೆನ್ಯೂನ ಚೆಲ್ಸಿ ಮಾರ್ಕೆಟ್‌ನಲ್ಲಿ ಅದೂ ಇದೆ, ಊಟವೂ ಇದೆ.