ಊರು ಒಪ್ಪುವ ಕ್ರೈಸ್ತ

ನಾನು ಕ್ರೈಸ್ತನೆಂದು ಹೇಳಿಕೊಳ್ಳುವುದು ಸುಲಭ. ಊರು ಅದನ್ನು ಒಪ್ಪುವಂತೆ ಬದುಕುವುದು ಕಷ್ಟ. ಉಗಾರ ಬುದ್ರುಕದಲ್ಲಿ ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರ ನಡುವೆ ಕಬ್ಬು ಬೆಳೆದುಕೊಂಡು ಬಂದವನು ನಾನು. ರವಿವಾರದ ಆರಾಧನೆಯಲ್ಲಿ ಕೇಳಿದ ಮಾತು ಉಳಿದ ಆರು ದಿನ ಪರೀಕ್ಷೆಗೆ ನಿಲ್ಲುತ್ತದೆ. ಆ ಪರೀಕ್ಷೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲ ಪಾಠ ಹೊಲದ್ದು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದರೆ ರೈತರೆಲ್ಲ ಆ ನಿಯಮ ಮುಂದಿಟ್ಟು ದನಿ ಎತ್ತುತ್ತೇವೆ. ಕಳೆ ತೆಗೆದ ಹೆಣ್ಣುಮಕ್ಕಳಿಗೆ ಮಾತ್ರ, ‘ಬಿಲ್ಲು ಬರಲಿ, ಕೊಡೋಣಂತ’ ಎನ್ನುವ ರೂಢಿಯೂ ರೈತರಲ್ಲೇ ಇದೆ. ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬಾರದೆನ್ನುತ್ತದೆ ಮೋಶೆಯ ಧರ್ಮಶಾಸ್ತ್ರ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಮೊರೆಯಿಡುತ್ತದೆ. ನನಗೆ 14 ದಿನ ಕಾಯುವುದು ಕಷ್ಟವಾದರೆ, ದಿನಗೂಲಿಯ ಮನೆಗೆ ಒಂದು ರಾತ್ರಿಯೂ ಕಷ್ಟವೇ. ಕೈಗಡ ತಂದಾದರೂ ಸಂಜೆಗೇ ಕೂಲಿ ಮುಟ್ಟಿಸುವುದು ನಮ್ಮ ಮನೆಯ ಕಟ್ಟಳೆ. ಅದನ್ನು ಪಾಲಿಸಿದಾಗಲೇ ಸಭೆಯಲ್ಲಿ ಹಾಕುವ ಕಾಣಿಕೆ ನಿಜವಾಗಿ ನನ್ನದು ಅನ್ನಿಸುತ್ತದೆ.

ಎರಡನೆಯದು ಹೊಳೆಯದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ದಂಡೆ ಮೀರಿ, ಕುಡಚಿ–ಉಗಾರ ಸೇತುವೆ ಮುಳುಗಿತ್ತು. ನಮ್ಮ ದನಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋದವರು ಓಣಿಯ ಜೈನ ಹುಡುಗರು. ಮೊದಲ ರೊಟ್ಟಿಯ ಬುತ್ತಿ ಬಂದದ್ದು ಮುಸಲ್ಮಾನರ ಮನೆಯಿಂದ. ಸಮಾರ್ಯದವನ ಕಥೆ ಕೇಳುವಾಗ ನೆರವಾಗುವವನ ಜಾಗದಲ್ಲಿ ನಮ್ಮನ್ನೇ ಇಟ್ಟುಕೊಳ್ಳುವುದು ರೂಢಿ. ಆ ವಾರ ನಾನು ದಾರಿಯಲ್ಲಿ ಬಿದ್ದವನ ಜಾಗದಲ್ಲಿದ್ದೆ. ತನ್ನ ಜನ ಹೊರಗಿನವನೆಂದು ದೂರವಿಟ್ಟವನನ್ನೇ ಯೇಸು ಅವರಿಗೆ ಮಾದರಿಯಾಗಿ ತೋರಿಸಿದ. ಒಳ್ಳೆಯತನ ನಮ್ಮ ಸಭೆಯ ಸ್ವತ್ತಲ್ಲ ಎಂದು ಒಪ್ಪಿದ್ದರಿಂದ ನನ್ನ ನಂಬಿಕೆ ಸಡಿಲವಾಗಲಿಲ್ಲ. ಗುರುವಿನ ಮಾತು ಇನ್ನೂ ಆಳಕ್ಕಿಳಿಯಿತು.

ಮೂರನೆಯದನ್ನು ಕಲಿಸಿದವಳು ಅಜ್ಜಿ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜಿನಲ್ಲಿ ದವಾಖಾನೆ ತೆರೆದರು. ಗಡಿಯ ಈಚೆಯ ನಮ್ಮ ಹಳ್ಳಿಗಳಿಗೂ ಅದೇ ದೊಡ್ಡ ಆಸರೆಯಾಯಿತು. ಅಜ್ಜಿಯ ಕಣ್ಣಿನ ಪೊರೆ ತೆಗೆದದ್ದು ಅಲ್ಲಿಯೇ. ಮತಪ್ರಚಾರವೂ ಮಿಷನ್ನಿನ ಉದ್ದೇಶವಾಗಿತ್ತು. ಆದರೆ ಅಜ್ಜಿ ಕೊನೆಯವರೆಗೂ ನೆನೆದದ್ದು, ನಡುರಾತ್ರಿ ಎದ್ದು ಬಂದು ನೀರು ಕುಡಿಸಿದ ನರ್ಸಮ್ಮನನ್ನು. ಆಕೆಯ ಕೈಗುಣದಲ್ಲೇ ಅಜ್ಜಿಗೆ ಕ್ರಿಸ್ತನ ಪರಿಚಯವಾಯಿತು.

ರಕ್ಷಣೆ ದೇವರ ಕೃಪೆಯಿಂದ, ನಮ್ಮ ಪುಣ್ಯದಿಂದಲ್ಲ ಎಂಬುದು ನಮ್ಮ ವಿಶ್ವಾಸ. ನಾನೂ ಅದನ್ನೇ ನಂಬುತ್ತೇನೆ. ಆದರೆ ಕೃಪೆ ಪಡೆದವನ ಗುರುತು ಅವನ ವ್ಯವಹಾರದಲ್ಲಿ ಕಾಣಬೇಕು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ವಿಶ್ವಾಸದ ಅರಿಕೆಯನ್ನು ಚೆನ್ನಾಗಿ ಕಲಿಯಿರಿ. ಜೊತೆಗೆ, ಯಾರ ಕೂಲಿ ಬಾಕಿ ಇದೆ, ಯಾರೊಂದಿಗೆ ಮಾತು ಬಿಟ್ಟಿದ್ದೀರಿ ಎಂದು ನೋಡಿಕೊಳ್ಳಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಸಂಗಡ ಒಂದಾಗಿ ಬಾ ಎಂದವನು ಯೇಸುವೇ. ಆ ಬಾಕಿ ತೀರಿಸಿ ಬನ್ನಿ. ನೀವು ಯಾರ ಶಿಷ್ಯರೆಂದು ಊರವರೇ ಹೇಳುತ್ತಾರೆ.