ಎಲ್ಲವೂ ಚಿನ್ನವಾದ ಪ್ಯಾಕೆಟ್ಟು

ಜುಲೈ ತಿಂಗಳ ಮಡಿಕೇರಿ. ಶಾಲೆಗಳಿಗೆ ಮಳೆ ರಜೆ ಕೊಟ್ಟು ಅದು ಮೂರನೆಯ ದಿನ. ಕರೆಂಟು ಬೆಳಗ್ಗೆಯೇ ಹೋಗಿತ್ತು. ಪಕ್ಕದ ಮನೆಗೆ ಆಡಲು ಹೋಗಿದ್ದ ಅಣ್ಣನ ಮಗ ಕೊಡೆಯನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಓಡಿಬಂದ. ಒದ್ದೆಯಾಗದಂತೆ ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ ಒಂದು ಕಾರ್ಡನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಬೆಂಕಿಯುಗುಳುವ ಪೋಕೆಮಾನ್ ಪ್ರಾಣಿ ಚಾರಿಜಾರ್ಡ್, ಮೈಯೆಲ್ಲ ಚಿನ್ನದ ಬಣ್ಣ.

"ಚಿಕ್ಕಪ್ಪಾ, ಇದು ರೇರ್. ಇಡೀ ಮಡಿಕೇರಿಯಲ್ಲಿ ಇದೊಂದೇ ಇರೋದು."

"ಇದಕ್ಕೆ ಏನು ಕೊಟ್ಟೆ?"

"ನನ್ನ ಡೆಕ್ಕು."

ಪೋಕೆಮಾನ್ ಆಟದಲ್ಲಿ ಡೆಕ್ಕು ಅಂದರೆ ಅರವತ್ತು ಕಾರ್ಡು. ಅವನ ಅತ್ತೆ ಬೆಂಗಳೂರಿನಿಂದ ಬಂದಾಗಲೆಲ್ಲ ತಂದುಕೊಟ್ಟ ಪ್ಯಾಕೆಟ್ಟುಗಳಿಂದ ಒಂದು ವರ್ಷ ಕೂತು ಆರಿಸಿ ಕಟ್ಟಿದ್ದು. ಯಾವ ಕಾರ್ಡಿನ ಹಿಂದೆ ಯಾವುದು ಬರಬೇಕು, ಯಾವುದು ಎದುರಾಳಿಯನ್ನು ತಡೆಯುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಅದಷ್ಟನ್ನೂ ಕೊಟ್ಟು ಒಂದನ್ನು ತಂದಿದ್ದ. ನಾನು ಹತ್ತನೆಯ ವಯಸ್ಸಿನಿಂದ ಅಂಚೆಚೀಟಿ ಕೂಡಿಟ್ಟವನು. ಅಪರೂಪದ್ದಕ್ಕೇ ಬೆಲೆ ಎಂದು ನಂಬಿ ಬೆಳೆದವನು. "ಒಳ್ಳೆ ವ್ಯಾಪಾರ ಮಾಡಿದ್ದೀಯ," ಎಂದುಬಿಟ್ಟೆ.

ವಾರದ ಮೇಲೆ ಅವನ ಪುಸ್ತಕಗಳಿಗೆ ಹಾಕುವ ಬೈಂಡ್ ಕಾಗದ ಕೊಳ್ಳಲು ಪೇಟೆಯ ಒಂದು ಫ್ಯಾನ್ಸಿ ಸ್ಟೋರಿಗೆ ಹೋದೆ. ಬಾಗಿಲಲ್ಲೇ ಪ್ಯಾಕೆಟ್ಟುಗಳನ್ನು ತೂಗುಹಾಕಿದ್ದರು. ಪ್ಯಾಕೆಟ್ಟಿಗೆ ಐವತ್ತೈದು ಕಾರ್ಡು, ಐವತ್ತೈದೂ ಚಿನ್ನ. ಕೊಂಡು ಬಿಚ್ಚಿ ನೋಡಿದರೆ ಅದೇ ಚಾರಿಜಾರ್ಡ್ ಎರಡು ಸಲ ಬಂದಿತ್ತು. ಹಿಂಬದಿಯೂ ಚಿನ್ನದ್ದೇ. ಅಸಲಿ ಇಂಗ್ಲಿಷ್ ಪೋಕೆಮಾನ್ ಕಾರ್ಡಿನ ಬೆನ್ನು ನೀಲಿಯಿರುತ್ತದೆ, ಮೈ ರಟ್ಟಿನದು, ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಜಾರುವುದಿಲ್ಲ. ಇಷ್ಟನ್ನು ತಿಳಿಯಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷವನ್ನು ನಾನು ಮಗುವಿಗೆ ಕೊಟ್ಟಿರಲಿಲ್ಲ.

ನಕಲಿ ಎಂಬುದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ಆ ವಾರವೆಲ್ಲ ಪಕ್ಕದ ಮನೆಯ ಹುಡುಗರು ಚಾಪೆಯ ಮೇಲೆ ಆಡುತ್ತಿದ್ದರು, ಇವನು ಗೋಡೆಗೊರಗಿ ನೋಡುತ್ತಿದ್ದ. ಒಂದೇ ಕಾರ್ಡಿನಿಂದ ಆಡಲಾಗುವುದಿಲ್ಲವಲ್ಲ.

ಆಮೇಲೆ ನಾನು ಈ ಆಟಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಾಂತ್ರಿಕರೂ ಡ್ರ್ಯಾಗನ್ನುಗಳೂ ಕಾದಾಡುವ ಇಂಥ ಕಾರ್ಡಾಟಕ್ಕೆ ದಾರಿ ಹಾಕಿದ್ದು 1993ರಲ್ಲಿ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಅದನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. ಅದರ ಮೊದಲ ಮುದ್ರಣದಲ್ಲಿ ಅಪರೂಪದ ಕಾರ್ಡುಗಳು ತಲಾ ಸುಮಾರು 1,100 ಮಾತ್ರ. 'ಬ್ಲ್ಯಾಕ್ ಲೋಟಸ್' ಅವುಗಳಲ್ಲೊಂದು. 2021ರಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ ಐದು ಲಕ್ಷ ಡಾಲರಿಗೂ ಮೇಲೆ ಹೋಯಿತು. ಇಲ್ಲಿಗೇ ನಿಲ್ಲಿಸಿದರೆ ನನ್ನ ಹಳೆಯ ನಂಬಿಕೆಯೇ ಸರಿ. ಆದರೆ ಅದೇ ಮುದ್ರಣದ, ಅಷ್ಟೇ ವಿರಳವಾದ ಇನ್ನೆಷ್ಟೋ ಕಾರ್ಡುಗಳಿಗೆ ಆ ಬೆಲೆಯ ಹತ್ತಿರವೂ ಬರಲಾಗಿಲ್ಲ. ಬ್ಲ್ಯಾಕ್ ಲೋಟಸ್ ಕೈಗೆ ಬಂದವನು ಮೊದಲ ಸರದಿಯಲ್ಲೇ ಆಟವನ್ನು ತನ್ನ ಕಡೆಗೆ ಎಳೆದುಕೊಳ್ಳಬಲ್ಲ. ಆಡಿದವರು ಅದನ್ನು ಬಯಸಿದರು, ಅದರ ಕಥೆ ಹೇಳಿದರು. ಬೆಲೆ ಹುಟ್ಟಿದ್ದು ಆ ಬಯಕೆಯಿಂದ. ವಿರಳತೆ ಅದನ್ನು ಎತ್ತರಕ್ಕೆ ಏರಿಸಿತು, ಅಷ್ಟೆ.

ಪೋಕೆಮಾನಿನಲ್ಲಿ ಇದು ಇನ್ನೂ ಸ್ಪಷ್ಟ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೊದಲ ಸರಣಿಯಲ್ಲಿ 102 ಕಾರ್ಡುಗಳಿದ್ದವು, ಅದರಲ್ಲಿ ಹೊಳೆಯುವಂಥವು ಹದಿನಾರು. ಚಾರಿಜಾರ್ಡಿನ ಮೂಲೆಯಲ್ಲಿರುವ ನಕ್ಷತ್ರದ ಗುರುತೇ ಆ ಹದಿನಾರರಲ್ಲೇ ಇರುವ ಚಾನ್ಸಿ, ನಿಡೋಕಿಂಗ್‌ಗಳ ಮೂಲೆಯಲ್ಲೂ ಇದೆ. ಕಂಪನಿಯ ಲೆಕ್ಕದಲ್ಲಿ ಎಲ್ಲವೂ ಒಂದೇ ದರ್ಜೆ. ಮಾರುಕಟ್ಟೆಯಲ್ಲಿ ಚಾರಿಜಾರ್ಡ್ ಉಳಿದವನ್ನೆಲ್ಲ ಎಲ್ಲೋ ಹಿಂದೆ ಬಿಟ್ಟಿದೆ. ಇಪ್ಪತ್ತೈದು ವರ್ಷದ ಹಿಂದೆ ಆ ಬೆಂಕಿಯ ಪ್ರಾಣಿಗಾಗಿ ಅತ್ತ ಮಕ್ಕಳು ಈಗ ದುಡಿಯುತ್ತಿದ್ದಾರೆ, ಅದಕ್ಕೆ.

ಇದನ್ನು ಓದುವಾಗ ನನ್ನ ಅಂಚೆಚೀಟಿ ಆಲ್ಬಮ್ಮಿನ ದಿನಗಳು ನೆನಪಾದವು. ಒಮ್ಮೆ ಅದನ್ನು ಬೆಂಗಳೂರಿನ ಒಬ್ಬ ಚೀಟಿ ವ್ಯಾಪಾರಿಗೆ ತೋರಿಸಿದ್ದೆ. ಯಾವುದೋ ಪುಟ್ಟ ದ್ವೀಪದ, ಬಹಳ ಕಡಿಮೆ ಅಚ್ಚಾದ ಚೀಟಿಯೊಂದು ನನ್ನ ಹೆಮ್ಮೆಯಾಗಿತ್ತು. ಅವರು ಭೂತಗನ್ನಡಿ ಹಿಡಿದು ನೋಡಿ, "ಕಡಿಮೆ ಇವೆ, ಒಪ್ತೀನಿ. ಕೇಳೋರು ಅದಕ್ಕಿಂತ ಕಡಿಮೆ," ಎಂದು ಮುಂದಿನ ಪುಟ ತಿರುವಿದರು. ಅಲ್ಲಿದ್ದದ್ದು 1966ರಲ್ಲಿ ಸೈಪ್ರಸ್ ಹೊರಡಿಸಿದ ಜನರಲ್ ತಿಮ್ಮಯ್ಯನವರ ಚೀಟಿ. ಮಡಿಕೇರಿಯಲ್ಲಿ ಹುಟ್ಟಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿದ್ದಾಗ 1965ರ ಡಿಸೆಂಬರಿನಲ್ಲಿ ತೀರಿಕೊಂಡ ನಮ್ಮ ತಿಮ್ಮಯ್ಯ. ಆ ದೇಶ ಅವರನ್ನು ನೆನೆದು ಚೀಟಿ ಅಚ್ಚು ಹಾಕಿಸಿತು. "ಇದು ಸಾಧಾರಣ, ಬೇಕಾದಷ್ಟು ಸಿಗುತ್ತೆ," ಎಂದರು ವ್ಯಾಪಾರಿ. ಅವರ ಮಾತು ನಿಜ, ಅದು ದುಬಾರಿ ಚೀಟಿಯಲ್ಲ. ಊರಿಗೆ ಬಂದ ಮೇಲೆ ನಮ್ಮ ಬೀದಿಯ ಒಬ್ಬ ನಿವೃತ್ತ ಸುಬೇದಾರರಿಗೆ ಆಲ್ಬಮ್ ತೋರಿಸಿದೆ. ಆ ಪುಟ ಬಂದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ದ್ವೀಪದ ಚೀಟಿಯ ಮೇಲೆ ಅವರ ಕಣ್ಣೂ ಬೀಳಲಿಲ್ಲ.

ನಮ್ಮ ಮಳೆಯೂ ಒಂದು ಪಾಠ ಹೇಳಿಕೊಟ್ಟಿದೆ. ಕೊಡಗಿನಲ್ಲಿ ಕಾಗದದ ಯಾವ ವಸ್ತುವೂ ಸುಮ್ಮನೆ ಉಳಿಯುವುದಿಲ್ಲ. ಚೀಟಿಗಳ ಹಿಂದಿನ ಅಂಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಬೂಷ್ಟು ಬರುತ್ತದೆ, ಹೊಳೆಯುವ ಕಾರ್ಡು ತೇವಕ್ಕೆ ಬಿಲ್ಲಿನಂತೆ ಬಾಗುತ್ತದೆ. ನಮ್ಮ ಮನೆಯ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಣ್ಣ ಬಲ್ಬು ಉರಿಯುತ್ತಲೇ ಇರುತ್ತದೆ. ಬಟ್ಟೆಯ ಜೊತೆ ಆಲ್ಬಮ್ಮಿಗೂ ಅದೇ ಬಿಸಿ. ಕಾರ್ಡಿನ ಅಂಚು, ಮೂಲೆ, ಮೈಗಳನ್ನು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಒಂದು ಅಂಕ ಇಳಿದರೂ ಬೆಲೆ ಕುಸಿಯಬಹುದು. ಹಾಗಾಗಿ ವಿರಳ ಎನ್ನುವಾಗ ಎಷ್ಟು ಅಚ್ಚಾಯಿತು ಎಂಬುದೊಂದನ್ನೇ ಕೇಳಿದರೆ ಸಾಲದು. ಎಷ್ಟು ಚೆನ್ನಾಗಿ ಉಳಿಯಿತು ಎಂಬುದೂ ಅದರೊಳಗಿದೆ.

ವಿರಳವಾಗುತ್ತ ಹೋದಂತೆ ಬೆಲೆ ಏರಲೇಬೇಕೆಂದು ಇನ್ನೂ ವಾದಿಸುವವರಿಗೆ ನಾನು ತೋರಿಸುವುದು ಕೊಡಗಿನ ಕಿತ್ತಳೆಯನ್ನು. ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ, ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿರುವ, ಹುಳಿಯೂ ಸಿಹಿಯೂ ಬೆರೆತ ಹಣ್ಣು. ನನ್ನ ಬಾಲ್ಯದಲ್ಲಿ ಬುಟ್ಟಿಗಟ್ಟಲೆ ಬರುತ್ತಿತ್ತು. ಹಸಿರು ರೋಗ ಹಿಡಿದು ಗಿಡಗಳು ಒಣಗಿದವು, ಕಾಫಿಗೂ ಕಾಳುಮೆಣಸಿಗೂ ಒಳ್ಳೆಯ ಬೆಲೆ ಬಂದಾಗ ಬೆಳೆಗಾರರು ಮತ್ತೆ ನೆಡುವ ಮನಸ್ಸು ಮಾಡಲಿಲ್ಲ. ಈಗ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಅದರ ಮೇಲೆ ಕೆಲಸ ಮಾಡಿದೆ, ಹಣ್ಣಂತೂ ನಿಜಕ್ಕೂ ಅಪರೂಪ. ಹಾಗೆಂದು ಚಿನ್ನದ ಬೆಲೆ ಬಂದಿತೇ? ರಸ್ತೆಬದಿಯಲ್ಲಿ ನಾಗಪುರದ ಸಡಿಲ ಸಿಪ್ಪೆಯ ಹಣ್ಣನ್ನು ಕೊಡಗಿನದೆಂದು ಮಾರಿದರೂ ಪ್ರವಾಸಿಗರು ಸಂತೋಷದಿಂದ ಕೊಳ್ಳುತ್ತಾರೆ. ರುಚಿ ಬಲ್ಲ ನಾಲಿಗೆಗಳು ಹಣ್ಣಿನೊಂದಿಗೇ ಕಡಿಮೆಯಾದವು. ಒಂದು ವಸ್ತು ತೀರ ವಿರಳವಾದರೆ ಅದನ್ನು ಬೇಕೆನ್ನುವವರೂ ಇಲ್ಲವಾಗಬಹುದು. ನನಗೆ ಇದು ಕಾರ್ಡಿನ ಪ್ರಶ್ನೆಗಿಂತ ದೊಡ್ಡ ದುಃಖ.

ಕಾರ್ಡಿನಲ್ಲೇ ಇದಕ್ಕೆ ಸಾಕ್ಷಿ ಬೇಕೆಂದರೆ ಮೈಸೂರಿನ ಗಂಜೀಫಾ ಎಂಬ ಎಲೆಯಾಟ ಇದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು, ಒಂದೊಂದೂ ಕೈಯಿಂದ ಬರೆದ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಎಲೆಯಾಟಗಳನ್ನು ರೂಪಿಸಿದರು. ಅವುಗಳ ವಿವರ ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿದೆ, 360 ಎಲೆಗಳ ಆಟವೂ ಸೇರಿ. ಯಂತ್ರದಲ್ಲಿ ರಾಶಿಗಟ್ಟಲೆ ಅಚ್ಚಾಗುವ ಕಾರ್ಡುಗಳಿಗಿಂತ ಅವು ಎಷ್ಟೋ ವಿರಳ. ಆದರೆ ಅವನ್ನು ಕಲಸಿ ಹಂಚಿ ಆಡಬಲ್ಲವರು ಇಂದು ನಮ್ಮಲ್ಲಿ ಎಷ್ಟು ಮಂದಿ? ಇಂದು ಅವು ಗಾಜಿನ ಹಿಂದಿನ ಕಲೆಯಾಗಿ, ಗೋಡೆಯ ಚಿತ್ರವಾಗಿ ಉಳಿದಿವೆ.

ಅಣ್ಣನ ಮಗನಿಗೆ ನಾನು ಕ್ಷಮೆ ಕೇಳಿದೆ. ಅವನ ಹಳೆಯ ಡೆಕ್ಕನ್ನು ವಾಪಸು ಕೇಳಲು ಅವನೇ ಒಪ್ಪಲಿಲ್ಲ. "ನಾನೇ ಕೊಟ್ಟಿದ್ದಲ್ವಾ, ಚಿಕ್ಕಪ್ಪ," ಅಂದ. ಹಾಗಾಗಿ ಹೊಸದಾಗಿ ಕಟ್ಟಲು ಕೂತೆವು. ವೃತ್ತದ ಗುರುತಿರುವ ಕಾರ್ಡು ಅಂದರೆ ಎಲ್ಲಕ್ಕಿಂತ ಸಾಮಾನ್ಯ, ಯಾರೂ ಬಚ್ಚಿಡದ್ದು. ನಮ್ಮ ಡೆಕ್ಕಿನ ಹೆಚ್ಚಿನ ಭಾರವನ್ನು ಹೊತ್ತದ್ದು ಅವೇ. ಅವನು ನಿಯಮ ಕಲಿಸಿದ, ನಾನು ಸೋಲುತ್ತ ಕಲಿತೆ. ಈಗ ಮಳೆ ರಜೆ ಬಂದರೆ ಚಾಪೆಯ ಒಂದು ಬದಿಯಲ್ಲಿ ನನಗೂ ಜಾಗವಿದೆ.

ಮಕ್ಕಳಿಗೆ ಇಂಥ ಕಾರ್ಡು ಕೊಡಿಸುವ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಪ್ಯಾಕೆಟ್ಟಿನ ಮೇಲೆ ರೇರ್ ಎಂದು ಬರೆದಿರುವುದನ್ನು ನೋಡಿ ದುಡ್ಡು ಕೊಡಬೇಡಿ. ಅದನ್ನು ಹಾಕಿ ಹೇಗೆ ಆಡುತ್ತೀಯ, ಯಾರ ಜೊತೆ ಆಡುತ್ತೀಯ ಎಂದು ಮಗುವನ್ನು ಕೇಳಿ. ಮಗು ಕಣ್ಣರಳಿಸಿ ಹೇಳತೊಡಗಿದರೆ ಕೊಡಿಸಿ.