ಕೆಂಪು ಕೊಪ್ಪೆಯ ಹುಡುಗಿ ತೂಬಗೆರೆ ದಾರಿಯಲ್ಲಿ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯ ಹಳ್ಳಿ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಕಥೆ ಹೇಳಲು ಶುರುಮಾಡಿ ಎಂಟು ವರ್ಷವಾಯಿತು. ಮೊದಲು ಶಾಲೆಯ ಜಗಲಿಯಲ್ಲಿ ಹೇಳುತ್ತಿದ್ದೆ, ಈಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ. ಇಷ್ಟು ದಿನದಲ್ಲಿ ನಾನು ಹೆಚ್ಚು ಸಲ ಹೇಳಿದ್ದೂ ಹೆಚ್ಚು ಸಲ ತಿದ್ದಿದ್ದೂ ಒಂದೇ ಕಥೆ. ಕೆಂಪು ಟೋಪಿ ಹಾಕಿಕೊಂಡು ಅಜ್ಜಿ ಮನೆಗೆ ಹೊರಟ ಹುಡುಗಿಗೆ ದಾರಿಯಲ್ಲಿ ತೋಳ ಸಿಗುವ ಕಥೆ.

1697ರಲ್ಲಿ ಫ್ರಾನ್ಸಿನ ಪೆರೋ ಇದನ್ನು ಅಚ್ಚು ಹಾಕಿಸಿದಾಗ ಹುಡುಗಿ ತೋಳದ ಹೊಟ್ಟೆ ಸೇರಿದಳು, ಕಥೆ ಅಲ್ಲಿಗೇ ಮುಗಿಯಿತು. 1812ರಲ್ಲಿ ಜರ್ಮನಿಯ ಗ್ರಿಮ್ ಸಹೋದರರು ಬೇಟೆಗಾರನೊಬ್ಬನನ್ನು ತಂದು, ತೋಳದ ಹೊಟ್ಟೆ ಸೀಳಿಸಿ, ಅವಳನ್ನೂ ಅಜ್ಜಿಯನ್ನೂ ಉಳಿಸಿದರು. ಅವರವರ ಊರಿಗೆ ತಕ್ಕ ಹಾಗೆ ಅವರೇ ಬದಲಿಸಿಕೊಂಡ ಕಥೆಯನ್ನು ನಾವೂ ಬದಲಿಸಿಕೊಳ್ಳಬಹುದು. ಹೇಗೆ ಅನ್ನುವುದನ್ನು ನನಗೆ ಮಕ್ಕಳು, ಅವರನ್ನು ಕರೆದೊಯ್ಯಲು ಬರುವ ಅಜ್ಜಿಯರು ಕಲಿಸಿದರು.

1. ಹೆಸರು ಬದಲಿಸಿದ ಮಾತ್ರಕ್ಕೆ ಕಥೆ ನಮ್ಮದಾಗುವುದಿಲ್ಲ

ಮೊದಲ ಸಲ ಹುಡುಗಿಗೆ ಗೌರಿ ಅಂತ ಹೆಸರಿಟ್ಟೆ. ಬುಟ್ಟಿಯಲ್ಲಿದ್ದ ಕೇಕ್ ತೆಗೆದು ಕಜ್ಜಾಯ ಇಟ್ಟೆ. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಅಜ್ಜಿ ಅಲ್ಲಿಂದಲೇ ಕೇಳಿದರು: "ಅಲ್ಲ ಕಣಮ್ಮ, ಜ್ವರ ಬಂದು ಮಲಗಿರೋಳಿಗೆ ಯಾರಾದ್ರೂ ಕಜ್ಜಾಯ ಕೊಡ್ತಾರಾ? ಮೆಣಸಿನ ಸಾರು, ಮೆತ್ತಗಿನ ಅನ್ನ ತಗೊಂಡೋಗ್ಲಿ."

ಆ ಮಾತು ನನಗೆ ದೊಡ್ಡ ಪಾಠವಾಯಿತು. ಕೇಕಿಗೆ ಬದಲು ನಮ್ಮ ಸಿಹಿ ಯಾವುದು ಎಂದು ನಾನು ಹುಡುಕಿದ್ದೆ. ಕಾಯಿಲೆಯವರ ಮನೆಗೆ ನಮ್ಮಲ್ಲಿ ಏನು ಕಳಿಸುತ್ತಾರೆ ಎಂದು ಕೇಳಿಕೊಳ್ಳಬೇಕಿತ್ತು. ಸ್ಟೀಲ್ ಡಬ್ಬಿಯಲ್ಲಿ ಬಿಸಿ ಸಾರು ಬಂದ ಮೇಲೆ ಕಥೆಗೇ ಹೊಸ ಬಿಗಿ ಬಂತು. ಸಾರು ಚೆಲ್ಲಬಾರದು, ಆರಬಾರದು. ದಾರಿಯಲ್ಲಿ ನಿಲ್ಲಬೇಡ ಎಂದು ಅಮ್ಮ ಯಾಕೆ ಹೇಳಿದಳು ಅನ್ನುವುದನ್ನು ಆಮೇಲೆ ಯಾವ ಮಗುವಿಗೂ ವಿವರಿಸಬೇಕಾಗಲಿಲ್ಲ.

2. ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿ

ಮಕ್ಕಳ ಮನಸ್ಸಿನಲ್ಲಿ ಕೆಂಪು ಟೋಪಿ ಕ್ರಿಕೆಟ್ ಟೋಪಿಯಾಗಿತ್ತು. ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಉಡುಪು ನಮ್ಮಲ್ಲಿ ಯಾವುದು? ಕೊಪ್ಪೆ. ಒಂದು ದಿನ ರಾಗಿ ಚೀಲ ತಂದು, ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತಳ್ಳಿ, ಮುಂದೆ ಕೂತಿದ್ದ ಹುಡುಗಿಯ ತಲೆಗೆ ಹಾಕಿದೆ. ರೇನ್‌ಕೋಟ್ ಮಾತ್ರ ಕಂಡಿದ್ದ ಮಕ್ಕಳು ಸಾಲುಗಟ್ಟಿ ನಿಂತು ಒಬ್ಬೊಬ್ಬರೇ ಹಾಕಿಕೊಂಡು ನೋಡಿದರು. ಚೀಲದ ನಾರು ಕೆನ್ನೆಗೆ ಚುಚ್ಚುತ್ತದೆ, ಒಳಗೆ ರಾಗಿಯ ವಾಸನೆ ಇರುತ್ತದೆ. ಕಥೆಯ ಹುಡುಗಿ ಅವರಿಗೆ ಹತ್ತಿರವಾಗಿದ್ದು ಆ ವಾಸನೆಯಿಂದ.

ಬಣ್ಣವೂ ಬೇಕಲ್ಲ? ದೊಡ್ಡಬಳ್ಳಾಪುರ ಮಗ್ಗದ ಊರು. ಹುಡುಗಿಯ ಅಪ್ಪನನ್ನು ನೇಕಾರ ಮಾಡಿದೆ. ಸೀರೆ ನೇಯ್ದು ಮಿಕ್ಕ ಕೆಂಪು ಎಳೆಯಲ್ಲಿ ಅವನು ಮಗಳ ಕೊಪ್ಪೆಗೆ ಅಂಚು ಹೊಲಿದು ಕೊಡುತ್ತಾನೆ.

3. ಕುವೆಂಪು ಅವರ ಹತ್ತಿರ ಕಲಿಯಿರಿ

ಈ ಕೆಲಸದಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗಿಂತ ದೊಡ್ಡ ಮಾದರಿ ಕನ್ನಡದಲ್ಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಮೂಲ ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯ. 1842ರಲ್ಲಿ ಬ್ರೌನಿಂಗ್ ಅದನ್ನು ಇಂಗ್ಲಿಷಿನಲ್ಲಿ ಪದ್ಯವಾಗಿಸಿದ. ಕುವೆಂಪು ಕೈಯಲ್ಲಿ ವೇಸರ್ ನದಿ ತುಂಗೆಯಾಯಿತು, ಊರಿನ ಮೇಯರ್ ಗೌಡನಾದ, ಕೊಳಲಿನವನು ಕಿಂದರಿ ಹಿಡಿದ ಜೋಗಿಯಾದ. ಕೊಳಲು ನಮ್ಮಲ್ಲೂ ಇತ್ತು, ಹಾಗೇ ಉಳಿಸಿಕೊಳ್ಳಬಹುದಿತ್ತು. ಆದರೆ ಕೊಳಲು ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಕೃಷ್ಣ ಬಂದು ನಿಲ್ಲುತ್ತಾನೆ. ಜೋಗಿಯ ವಿಷಯ ಬೇರೆ. ಎಲ್ಲಿಂದಲೋ ಬರುತ್ತಾನೆ, ಎಲ್ಲಿಗೋ ಹೋಗುತ್ತಾನೆ, ಅವನನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಊರಿಗೆಲ್ಲ ಗೊತ್ತು. ಅಂಥವನಿಗೆ ಕೊಟ್ಟ ಮಾತು ತಪ್ಪಿದರೆ ಏನಾಗಬಹುದು ಅನ್ನುವ ಅಂಜಿಕೆ ಕೇಳುವ ಮಗುವಿನಲ್ಲಿ ಮೊದಲೇ ಇರುತ್ತದೆ. ಹೊಸ ಪಾತ್ರ ತರುವಾಗಲೆಲ್ಲ ನಾನು ಆ ಜೋಗಿಯನ್ನು ನೆನೆಯುತ್ತೇನೆ.

4. ಕಾಲಮಾನ ತಪ್ಪಬೇಡಿ

ಗ್ರಿಮ್ ಕಥೆಯಲ್ಲಿ ತೋಳ ಹುಡುಗಿಗೆ ಹೂವಿನ ಆಸೆ ತೋರಿಸುತ್ತದೆ. ನಮ್ಮ ಮಕ್ಕಳು ನಿಲ್ಲುವುದು ಹಣ್ಣಿಗೆ. ನಾನು ಎಲಚಿ ಹಣ್ಣು ಎಂದೆ. ಐದನೇ ಕ್ಲಾಸಿನ ಹುಡುಗ ತಕ್ಷಣ ಎದ್ದು, "ಮಿಸ್, ಮಳೇಲಿ ಕೊಪ್ಪೆ ಹಾಕ್ಕೊಂಡು ಹೋಗ್ತಾವ್ಳೆ, ಎಲಚಿ ಹಣ್ಣು ಸಂಕ್ರಾಂತಿ ಟೈಮಲ್ಲಿ ಅಲ್ವಾ?" ಎಂದ. ಸರಿಯಾಗಿ ಹಿಡಿದಿದ್ದ. ಅವತ್ತೇ ಅದನ್ನು ನೇರಳೆ ಮಾಡಿದೆ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರ ಮಕ್ಕಳೂ ನಮ್ಮಲ್ಲಿದ್ದರು. ಒಬ್ಬಳು "ಜಾಮೂನ್" ಎಂದಳು, ತೆಲುಗು ಮನೆಮಾತಿನ ಹುಡುಗ "ನೇರೇಡು" ಎಂದ. ಎಲ್ಲರಿಗೂ ಗೊತ್ತಿರುವ ಹಣ್ಣು ಸಿಕ್ಕಿತು.

ಆ ಹಣ್ಣು ಇನ್ನೊಂದು ಉಪಕಾರವನ್ನೂ ಮಾಡಿತು. ಅಜ್ಜಿಯ ವೇಷದಲ್ಲಿ ಮಲಗಿದ ತೋಳವನ್ನು ಗೌರಿ "ಅಜ್ಜಿ, ನಿನ್ನ ಕಿವಿ ಯಾಕೆ ಇಷ್ಟು ದೊಡ್ಡದು?" ಎಂದು ಕೇಳಿದಾಗ ನಮ್ಮ ಮಕ್ಕಳಿಗೆ ಭಯವೇ ಆಗುತ್ತಿರಲಿಲ್ಲ. ಓಲೆ ಜಗ್ಗಿ ಜೋತುಬಿದ್ದ ಕಿವಿಯನ್ನು ಅವರು ದಿನಾ ಮನೆಯಲ್ಲೇ ನೋಡುತ್ತಾರೆ. ಹಾಗಾದರೆ ಗೌರಿಗೆ ಅನುಮಾನ ಬರುವುದು ಯಾವುದರಿಂದ ಎಂದು ಅವರನ್ನೇ ಕೇಳಿದೆ. ಹಿಂದಿನ ಸಾಲಿನ ಪುಟ್ಟ ಹುಡುಗಿ ಮೆಲ್ಲಗೆ ಹೇಳಿದಳು: "ತೋಳಾನೂ ನೇರಳೆ ಹಣ್ಣು ತಿಂದಿರತ್ತೆ." ಕೋಣೆಯೆಲ್ಲ ತಣ್ಣಗಾಯಿತು. ಹಾಸಿಗೆ ಬಿಟ್ಟು ಏಳಲಾಗದ ಅಜ್ಜಿ, ಅವಳ ನಾಲಿಗೆ ಮಾತ್ರ ನೇರಳೆ ಬಣ್ಣ! ಅವತ್ತಿನಿಂದ ನಾನು ಆ ಕಥೆಯನ್ನು ಬೇರೆ ರೀತಿ ಹೇಳಿಲ್ಲ.

5. ನಿಜವಾದ ಭಯವನ್ನು ಕಥೆಗೆ ಎಳೆದು ತರಬೇಡಿ

ಶಿವಗಂಗೆಯ ತಪ್ಪಲಿನ ಒಂದು ಹಳ್ಳಿಗೆ ಹೋದಾಗ ತೋಳದ ಬದಲು ಚಿರತೆ ಎಂದೆ. ಆ ಕಡೆ ಚಿರತೆ ಬರುವುದು, ಅರಣ್ಯ ಇಲಾಖೆಯವರು ಬೋನು ಇಡುವುದು ಮಕ್ಕಳಿಗೆ ಕಣ್ಣಾರೆ ಗೊತ್ತು. ಕಥೆ ಕೇಳುತ್ತಲೇ ಒಂದು ಮಗು ಅಳಲು ಶುರುಮಾಡಿತು. ರಾತ್ರಿ ಹಟ್ಟಿಯ ಹೊರಗೆ ಹೋಗಬೇಕಾದ ಮಗುವಿಗೆ ಆ ಕಥೆ ನಾನು ಹೇಳಬಾರದಿತ್ತು. ತೋಳ ನಮ್ಮ ಮಕ್ಕಳಿಗೆ ಕಥೆಯ ಪ್ರಾಣಿ. ಅದನ್ನು ಕಥೆಯಲ್ಲೇ ಸೋಲಿಸಬಹುದು. ಕಾಡಿನ ಬದಲು ನೀಲಗಿರಿ ತೋಪು ತಂದೆ, ಬೇಟೆಗಾರನ ಬದಲು ಮರ ಕಡಿಯಲು ಬಂದ ಕೂಲಿಯವರನ್ನು ತಂದೆ. ತೋಳವನ್ನು ಮಾತ್ರ ಮುಟ್ಟಲಿಲ್ಲ.

6. ಹೊರಗಿನಿಂದ ತರುವ ಮೊದಲು ಮನೆಯಲ್ಲಿದೆಯಾ ನೋಡಿ

ಸಿಂಡ್ರೆಲಾಳಿಗೆ ಇಳಕಲ್ ಸೀರೆ ಉಡಿಸಿ ಹೇಳಬೇಕೆಂದು ಒಮ್ಮೆ ಕೂತಿದ್ದೆ. ಬಾಗಿಲ ಹೊರಗೇ ಚಪ್ಪಲಿ ಬಿಡುವ ಊರಲ್ಲಿ ಗಾಜಿನ ಚಪ್ಪಲಿಯನ್ನು ಏನು ಮಾಡಲಿ? ಎ. ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ 'ಹಂಚಿ' ಕಥೆ ಓದಿದಾಗ ಆ ಬರವಣಿಗೆಯನ್ನು ಅಲ್ಲಿಗೇ ಬಿಟ್ಟೆ. ಹೊನ್ನಿನ ಕೂದಲಿನ ಹುಡುಗಿ, ಅವಳ ಚೆಲುವನ್ನು ಮರೆಮಾಡುವ ಮಣ್ಣಿನ ಮುಖವಾಡ, ಅದರಿಂದಲೇ ಬಂದ ಹೆಸರು. ಸಿಂಡ್ರೆಲಾ ಕಥೆಗಳ ಕುರಿತು 1982ರಲ್ಲಿ ಅಮೆರಿಕದಲ್ಲಿ ಬಂದ ಅಲನ್ ಡಂಡೆಸ್ ಸಂಪಾದಿತ ಪುಸ್ತಕದಲ್ಲಿ ಈ ಕನ್ನಡದ ಹುಡುಗಿಗೂ ಜಾಗ ಸಿಕ್ಕಿದೆ. ನಮ್ಮ ಮಕ್ಕಳಿಗೆ ಮೊದಲು ಹಂಚಿ ಸಿಗಲಿ. ಸಿಂಡ್ರೆಲಾ ಆಮೇಲೆ ಬರಲಿ, ಇಬ್ಬರಿಗೂ ಪರಿಚಯವಾಗುತ್ತದೆ.

7. ಅಜ್ಜಿಯರನ್ನು ಬಾಗಿಲಲ್ಲಿ ಕೂರಿಸಬೇಡಿ

ಮೆಣಸಿನ ಸಾರು ಹೇಳಿಕೊಟ್ಟ ಆ ಅಜ್ಜಿ ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ತೋಳದ ದನಿ ಅವರದೇ.

ನಿಮ್ಮ ಊರಲ್ಲೂ ಅರಿವು ಕೇಂದ್ರ ಇದ್ದರೆ, ಈ ಮಳೆಗಾಲದ ಒಂದು ಶನಿವಾರ ಅಲ್ಲಿಗೆ ಹೋಗಿ. ಒಂದು ಗೋಣಿಚೀಲ ತೆಗೆದುಕೊಂಡು ಹೋಗಿ, ಓಣಿಯ ಒಬ್ಬ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.